ಕಂಬಳಿ ಬಿಟ್ಟು ಮುಖ ನೋಡಿದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಗಟ್ಟಿಯಾಗಿರಲಿಲ್ಲ, ಹಳ್ಳಗಳಿಗೆ ಮಾತು ಬರುತ್ತಿತ್ತು. ಮನುಷ್ಯರಿಗೆ ಆಗಲೂ ಮುಖವಿತ್ತು. ನೋಡುವವರಿರಲಿಲ್ಲ.

ಒಬ್ಬರನ್ನೊಬ್ಬರು ಕಂಬಳಿಯಿಂದ ಗುರುತು ಹಿಡಿಯುತ್ತಿದ್ದರು. ಕರಿ ಕಂಬಳಿ ಬಂದರೆ ದುರುಗವ್ವ ಬಂದಳು. ಕೆಂಪಂಚಿನ ಕಂಬಳಿ ಬಂದರೆ ಭರಮಪ್ಪ ಬಂದ. ಮುಖವನ್ನು ಯಾರೂ ನೆನಪಿಡುತ್ತಿರಲಿಲ್ಲ. ಕಳ್ಳರಿಗೆ ಇದು ಬಹಳ ಅನುಕೂಲವಾಗಿತ್ತು.

ಒಂದು ಬೇಸಿಗೆಯಲ್ಲಿ ಭರಮಪ್ಪ ಮೇಲುಗಡೆ ಹಳ್ಳಕ್ಕೆ ಕಲ್ಲು ಪೇರಿಸಿ, ನೀರನ್ನೆಲ್ಲ ತನ್ನ ಕಡೆ ತಿರುಗಿಸಿಕೊಂಡ. ಕೆಳಗಿದ್ದವರಿಗೆ ಕೆಸರು ಉಳಿಯಿತು. ದುರುಗವ್ವನ ಕೂಸಿನ ನಾಲಿಗೆ ಒಣಗಿತು. ಅವಳು ಏರಿ ಹೋಗಿ ಕೇಳಿದಳು.

"ನಾಳೆ ಕಲ್ಲು ತೆಗೀತೀನಿ, ಹೋಗು" ಅಂದ ಕೆಂಪಂಚಿನವನು.

ಮರುದಿನ ಅಲ್ಲಿ ಬಿಳಿ ಕಂಬಳಿಯವನು ಕೂತಿದ್ದ. "ಯಾವ ಭರಮಪ್ಪ, ಯವ್ವಾ? ನಾನು ದಾರಿಹೋಕ. ಅವ ಊರು ಬಿಟ್ಟನಂತೆ. ಬಂದಮೇಲೆ ಕೇಳು."

ದುರುಗವ್ವ ನಂಬಿ ಇಳಿದಳು.

ಮೂರನೆಯ ದಿನ ಪಟ್ಟೆ ಕಂಬಳಿ. ಮಾತು ಅದೇ. ದುರುಗವ್ವ ಮತ್ತೆ ನಂಬಿ ಇಳಿದಳು. ಕೂಸು ಅಳುವುದನ್ನೂ ಬಿಟ್ಟಿತ್ತು.

ಹಳ್ಳ ತಡೆಯಲಾರದೆ ಹೇಳಿತು: "ಕಂಬಳಿ ಮೂರು. ನನ್ನ ಕುತ್ತಿಗೆ ಹಿಚುಕುವ ಕೈ ಒಂದೇ."

"ಗುರುತು ಹೇಗೆ ಹಿಡೀಲಿ?" ಅಂದಳು ದುರುಗವ್ವ.

ಜಾಲಿಮರದ ಮೇಲಿದ್ದ ಕಾಗೆ ನಕ್ಕಿತು. "ಉಣ್ಣೆಗೆ ಕೈಮುಗಿಯೋ ಜನ ನೀವು! ಆ ಭರಮಪ್ಪ ನನಗೆ ಒಮ್ಮೆ ಕಲ್ಲು ಹೊಡೆದ. ನೂರು ಕಂಬಳಿ ಹೊದ್ದರೂ ಬಿಡಲ್ಲ. ಕಣ್ಣು, ಮೂಗು, ಬಾಯಿ ಬೇರೆ ಬೇರೆ ನೋಡಬೇಡ. ಮೂರನ್ನೂ ಒಂದೇ ತುತ್ತು ಮಾಡಿ ನುಂಗು. ಮತ್ತೆ ಕಂಡಾಗ ಅದೇ ರುಚಿ ಬರುತ್ತೆ."

"ಅದನ್ನ ಇಡೋಕೆ ತಲೆಯಲ್ಲಿ ಜಾಗ ಎಲ್ಲಿದೆ?"

"ಬಲಗಿವಿ ಹಿಂದೆ. ಕುಕ್ಕಿ ಮಾಡಿಕೊಡ್ತೀನಿ. ಆದರೆ ಅಲ್ಲಿರೋ ಹೆಸರುಗಳು ಒಂದಷ್ಟು ಉದುರಿಹೋಗ್ತವೆ."

"ಹೋಗಲಿ. ಕುಕ್ಕು."

ಕಾಗೆ ಕುಕ್ಕಿತು. ಮೂರು ದಿನದಿಂದ ಕಣ್ಣಲ್ಲೇ ಬಿದ್ದಿದ್ದ ಮುಖ ಒಳಗೆ ಹೋಗಿ ಕೂತಿತು. ಆಮೇಲೆ ಕಾಗೆ ಕೆಳಗಿನ ಜನರಿಗೆಲ್ಲ ಕುಕ್ಕಿತು.

ನಾಲ್ಕನೆಯ ದಿನ ಬೂದು ಕಂಬಳಿ. "ನಾನು ದಾರಿಹೋಕ" ಅಂದ.

"ಸುಳ್ಳು. ನೀನೇ."

"ನಾನೇ? ಹಾಗಿದ್ರೆ ನನ್ನ ಹೆಸರು ಹೇಳು, ನೋಡೋಣ."

ದುರುಗವ್ವ ಬಲಗಿವಿಯ ಹಿಂದೆ ಕೆರೆದುಕೊಂಡಳು. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಹೊರಗೆ ಬರಲಿಲ್ಲ.

"ಹೆಸರು ಹಾಳಾಗಲಿ. ಮೂರು ದಿನ ನನಗೆ ಸುಳ್ಳು ಹೇಳಿದ ಮೂತಿ ಇದೇ. ಕಲ್ಲು ತೆಗಿ."

ಅವಳ ಜೊತೆ ಏರಿ ಬಂದು ಹಿಂದೆ ನಿಂತಿದ್ದ ಕೆಳಗಿನ ಜನವೂ ಅವನ ಕಂಬಳಿ ನೋಡಲಿಲ್ಲ. ಮುಖ ನೋಡಿದರು. ಅಷ್ಟೊಂದು ಕಣ್ಣು ಒಟ್ಟಿಗೆ ತನ್ನ ಮುಖದ ಮೇಲೆ ಬಿದ್ದದ್ದು ಅವನಿಗೆ ಅದೇ ಮೊದಲು. ಕಲ್ಲನ್ನು ಅವನೇ ಎತ್ತಿದ. ಹಳ್ಳ ಕೆಮ್ಮಿ, ಉಸಿರೆಳೆದು, ಕೆಳಗೆ ಓಡಿತು. ಕೂಸು ನೀರು ಕುಡಿಯಿತು. ಕುಡಿದು ಅವ್ವನ ಮುಖವನ್ನೇ ನೋಡಿತು.

ಅದಕ್ಕೇ ಮಗು, ಗುರುತಿನವರು ಎದುರಾದರೆ ಮುಖ ಥಟ್ಟನೆ ಹೊಳೆಯುತ್ತದೆ, ಹೆಸರಿಗೆ ಮಾತ್ರ ಕಿವಿಯ ಹಿಂದೆ ಕೆರೆದುಕೊಳ್ಳಬೇಕಾಗುತ್ತದೆ. ತಪ್ಪು ಮಾಡಿದವನು ಇವತ್ತು ಕಂಬಳಿ ಬದಲಿಸುವುದಿಲ್ಲ, ಅದನ್ನೇ ಎಳೆದು ಮುಖ ಮುಚ್ಚಿಕೊಳ್ಳುತ್ತಾನೆ.