ಊಟ ಸಿದ್ಧವಾಗಿದೆ, ಬುದ್ಧಿ

“ಗುರುಗಳೇ, ಹದಿನೆಂಟು ವರ್ಷ ನಿಮ್ಮ ಬಾಗಿಲಲ್ಲಿ ನಿಂತೆ. ನಾನೂ ಕೂತು ಪಾಠ ಹೇಳುವ ಕಾಲ ಇನ್ನೂ ಬರಲಿಲ್ಲವೇ?” ಎಂದು ಮರಿದೇವ ಕೇಳಿದ.

ಗುರುಗಳು ಪಕ್ಕದ ಮಣೆಯನ್ನು ಅವನತ್ತ ಸರಿಸಿದರು. “ಅಮೆರಿಕಕ್ಕೆ ಹೋಗಿಬಂದೆ ಅಂತ ಹೋದ ವರ್ಷ ಹೇಳಿದ್ದೆನಲ್ಲ, ಅದು ಸುಳ್ಳು ಕಣಪ್ಪ. ಈ ಕತೆ ಮಾತ್ರ ಅಲ್ಲಿಯದೇ. ಕೇಳು” ಎಂದು ಶುರುಮಾಡಿದರು.

ಕಪ್ಪುಬಿಳುಪು ಸಿನಿಮಾಗಳ ಕಾಲ. ಅಲ್ಲಿ ಒಬ್ಬ ನಟನಿದ್ದ. ಸ್ವಂತ ಕರಿಕೋಟು ಇದ್ದವರಿಗೆ ಸ್ಟುಡಿಯೋದಲ್ಲಿ ಬೇಗ ಕೆಲಸ ಸಿಗುತ್ತಿತ್ತು. ಅವನು ತನ್ನ ಮದುವೆಯ ಕೋಟು ತೊಟ್ಟು ಹೋದ. ಸಾಹುಕಾರರ ಮನೆಯ ಆಳಿನ ಪಾತ್ರ ಕೊಟ್ಟರು. ಬಾಗಿಲು ತೆರೆಯಬೇಕು, ಬಂದವರ ಟೋಪಿ ಇಸಿದುಕೊಳ್ಳಬೇಕು, ‘ಊಟ ಸಿದ್ಧವಾಗಿದೆ, ಬುದ್ಧಿ’ ಎನ್ನಬೇಕು. ಎಷ್ಟು ಚೆನ್ನಾಗಿ ಅಂದನೆಂದರೆ, ಮುಂದಿನ ಮೂವತ್ತು ವರ್ಷ ಬೇರೇನನ್ನೂ ಅನ್ನಲು ಬಿಡಲಿಲ್ಲ. ನೂರಾರು ಚಿತ್ರಗಳಲ್ಲಿ ಊಟ ಸಿದ್ಧವಾಯಿತು. ಒಂದರಲ್ಲೂ ಅವನು ಉಣ್ಣಲಿಲ್ಲ.

ಒಂದು ಚಿತ್ರದಲ್ಲಾದರೂ ಆ ಊಟದ ಮೇಜಿನ ಮುಂದೆ ಕೂರಬೇಕು, ಅದೊಂದೇ ಅವನ ಆಸೆ. ‘ನಾನು ಕೂತದ್ದನ್ನು ನೋಡುತ್ತೀಯೆ’ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ನೋಡದೆಯೇ ತೀರಿಕೊಂಡಳು. ಮಣ್ಣಿಗೆ ಬಂದವರು ಬಾಗಿಲಲ್ಲಿ ಅವನ ಕೈಗೇ ಟೋಪಿ ಕೊಟ್ಟು ಒಳಗೆ ಹೋದರು. ಅವನು ಇಸಿದುಕೊಂಡ.

ಕೊನೆಗೊಮ್ಮೆ ಒಬ್ಬ ಹೊಸ ನಿರ್ದೇಶಕ ಕರೆಸಿದ. ‘ಮನೆಯ ಯಜಮಾನನ ಪಾತ್ರ. ಮಗನ ಮೇಲೆ ಸಿಟ್ಟು. ಅವನು ಒಳಗೆ ಬಂದರೂ ನೀವು ಏಳಬಾರದು. ಅಷ್ಟೇ.’

ಕ್ಯಾಮೆರಾ ಓಡಿತು. ಬಾಗಿಲು ತೆರೆಯಿತು. ನಟ ಎದ್ದು ನಿಂತ.

‘ಕೂತ್ಕೊಳ್ಳಿ ಮಾರಾಯರೇ!’

ಕೂತ. ಮತ್ತೆ ಬಾಗಿಲು ತೆರೆಯಿತು. ಮತ್ತೆ ಎದ್ದ. ಮೂರನೆಯ ಸಲ ಕುರ್ಚಿಯ ಕೈಗಳನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದ. ಆದರೂ ಎದ್ದ. ಎದ್ದವನು ಮಗನ ಟೋಪಿಗೆ ಕೈಯನ್ನೂ ಚಾಚಿದ. ಸೆಟ್ಟಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ‘ನಿಮ್ಮನ್ನೇನು ಕೈಬಿಡುವುದಿಲ್ಲ, ಬಾಗಿಲ ಹತ್ತಿರ ನಿಲ್ಲಿ’ ಎಂದ ನಿರ್ದೇಶಕ. ನಟ ನಿಂತ. ‘ಊಟ ಸಿದ್ಧವಾಗಿದೆ, ಬುದ್ಧಿ’ ಅಂದ. ಒಂದೇ ಸಲಕ್ಕೆ ಓಕೆ ಆಯಿತು.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಎಲ್ಲರೂ ಸೇರಿ ಅವನನ್ನು ಹಾಳುಮಾಡಿದರು” ಎಂದ ಮರಿದೇವ.

“ಅದಿರಲಿ, ಮಣೆಯನ್ನು ಆಗಲೇ ಸರಿಸಿದ್ದೆನಲ್ಲ, ನೀನೇಕೆ ನಿಂತೇ ಕೇಳಿದೆ?”