ಉಗುಳುಕಟ್ಟೆ

ಹಿರೇಮಡುವಿನ ದಂಡೆಯಲ್ಲಿ, ಗುಡ್ಡದ ದಾರಿಯೂ ಹೊಳೆಯ ದಾರಿಯೂ ಕೂಡುವ ಕಡೆ, ಒಂದು ಹಳೆಯ ಕಲ್ಲುಕಟ್ಟೆ ಇದೆ. ಗಟ್ಟಿ ಕೆಲಸ, ಮೇಲೆ ಹುಣಸೆಯ ನೆರಳು. ಆದರೂ ಅಲ್ಲಿ ಯಾರೂ ಕೂರುವುದಿಲ್ಲ. ದನ ಕಾಯುವವರು ಕೂಡ ಬಿಸಿಲಲ್ಲೇ ನಿಲ್ಲುತ್ತಾರೆ. ಪರಸ್ಥಳದವರು ಕೇಳಿದರೆ ಅದರ ಹೆಸರು ಹೇಳಲು ನಮ್ಮವರು ಹಿಂಜರಿಯುತ್ತಾರೆ. ನನಗೆ ಆ ಹಿಂಜರಿಕೆ ಇಲ್ಲ. ಅದು ಉಗುಳುಕಟ್ಟೆ.

ಹಿಂದೆ ಒಮ್ಮೆ ಇಲ್ಲಿ ಗುಡ್ಡದ ಮೇಲೆ ಕುರುಬರ ಹಟ್ಟಿಗಳೂ ಹೊಳೆಯಂಚಿನಲ್ಲಿ ಅಂಬಿಗರ ಕೇರಿಗಳೂ ಇದ್ದವು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಇಬ್ಬರಿಗೂ ಉಳಿಯುತ್ತಿದ್ದುದು ಈ ಮಡು ಒಂದೇ. ಕುರಿ ಇಳಿದರೆ ನೀರು ಕದಡಿ ಮೀನು ಸಾಯುತ್ತವೆಂದು ಅಂಬಿಗರು ದಂಡೆಗೆ ಮುಳ್ಳುಬೇಲಿ ಹಾಕಿದರು. ಬಾಯಾರಿ ಕುರಿಗಳು ಸತ್ತಾಗ ಗುಡ್ಡದವರು ಬೇಲಿಗೂ ದೋಣಿಗಳಿಗೂ ಬೆಂಕಿ ಇಟ್ಟರು. ಅಜ್ಜಂದಿರ ಕಾಲದಲ್ಲಿ ಹತ್ತಿದ ಜಗಳ ಮೊಮ್ಮಕ್ಕಳ ಕಾಲಕ್ಕೂ ಆರಲಿಲ್ಲ. ಆಗ ಅರಸನು ರಾಜಿ ಮಾಡಿಸಲೆಂದು ತನ್ನ ಸಂಧಿವಿಗ್ರಹಿ ಕೇತಿಮಯ್ಯನನ್ನು ಕಳುಹಿಸಿದನು ಎನ್ನುತ್ತಾರೆ.

ಮಾತುಕತೆಗೆಂದು ಈ ಕಟ್ಟೆ ಕಟ್ಟಿಸಿದವನು ಅವನೇ. ಎರಡೂ ಕಡೆಯ ಹಿರಿಯರು ಮೇಲೆ ಕೂತರು. ಯಾರು ಮೂಡಣಕ್ಕೆ ಮುಖ ಮಾಡಬೇಕು, ಯಾರ ವೀಳ್ಯ ಮೊದಲು ಹಂಚಬೇಕು ಎಂಬುದರಲ್ಲೇ ಒಂದು ಮಳೆಗಾಲ ಕಳೆಯಿತು. ಗುಡ್ಡದವರು ಕುರಿ ಕೊಡಬೇಕು, ಹೊಳೆಯವರು ಮೀನು ಕೊಡಬೇಕು. ಕೇತಿಮಯ್ಯನ ಪರಿವಾರ ತಿನ್ನಬೇಕು. ಮಾತು ನಡೆಯುವಷ್ಟು ದಿನ ಊಟವೂ ನಡೆಯುತ್ತದೆಂದು ಅವನಿಗೆ ಬೇಗನೆ ತಿಳಿಯಿತು. ಒಂದು ಕಡೆಯವರು ಮೆತ್ತಗಾದರೆ ಇನ್ನೊಂದು ಕಡೆಯವರ ಕಿವಿಯಲ್ಲಿ, “ಈಗಲೇ ಒಪ್ಪಬೇಡಿ, ಇನ್ನಷ್ಟು ಬಿಗಿ ಹಿಡಿಯಿರಿ” ಎನ್ನುತ್ತಿದ್ದ. ಹಿರಿಯರೂ ಅವನ ಪಂಕ್ತಿಯಲ್ಲಿ ಉಂಡು, ಕೈಯ ಜಿಡ್ಡನ್ನು ಕಟ್ಟೆಯ ಕಲ್ಲಿಗೇ ಒರೆಸಿ ಮನೆಗೆ ಹೋಗುತ್ತಿದ್ದರು. ವರ್ಷಗಳು ಉರುಳಿದವು. ಕೆಳಗೆ ಹೊಡೆದಾಟ ನಿಲ್ಲಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ, ಅಂಬಿಗರು ಮತ್ತೆ ಹಾಕಿದ್ದ ಬೇಲಿಯ ಬಳಿ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಇರಿದು ಸತ್ತರು. ಒಬ್ಬ ಗುಡ್ಡದ ಮಾಳವ್ವನ ಮಗ, ಇನ್ನೊಬ್ಬ ಹೊಳೆಯ ಜಕ್ಕವ್ವನ ಮಗ. ಇನ್ನಾದರೂ ತೀರ್ಮಾನವಾಗಲೆಂದು ತಾಯಂದಿರಿಬ್ಬರೂ ಹೆಣಗಳನ್ನು ಹೊರಿಸಿಕೊಂಡು ಬಂದು ಕಟ್ಟೆಯ ಮುಂದೆ ಇಳಿಸಿದರು. ಮೇಲೆ ಆಗ ಒಪ್ಪಂದದಲ್ಲಿ ಯಾವ ಕಡೆಯವರ ಹೆಸರು ಮೊದಲು ಬರಬೇಕೆಂದು ವಾದ ನಡೆದಿತ್ತು. ಅದು ಬಿಸಿಲೇರುವವರೆಗೂ ನಡೆಯಿತು. ಹೆಣಗಳಿಗೆ ನೊಣ ಮುತ್ತಿದವು. ಅಷ್ಟರಲ್ಲಿ ಎಲೆ ಹಾಕಿದರು.

ಕೇತಿಮಯ್ಯ ಶಲ್ಯದಿಂದ ಮೂಗು ಮುಚ್ಚಿಕೊಂಡು, “ಗಾಳಿ ಇತ್ತಲೇ ಬೀಸುತ್ತಿದೆ. ಊಟ ಮುಗಿಯುವವರೆಗೆ ಅವನ್ನು ಆಚೆ ಸರಿಸಿರಿ” ಎಂದ.

ಮಾಳವ್ವ ಎದ್ದು ನಿಂತಳು. “ಅವು ಅಲ್ಲಪ್ಪ. ಇವ ನನ್ನ ಮಗ ಬೀರಣ್ಣ. ಅವ...” ಎಂದು ತಡೆದು, ಜಕ್ಕವ್ವನ ಕಡೆ ತಿರುಗಿದಳು. “ನಿನ್ನ ಮಗನ ಹೆಸರೇನವ್ವಾ?”

ಅಷ್ಟು ಕಾಲದಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯ ಸತ್ತವನ ಹೆಸರು ಕೇಳಿದ್ದು ಅದೇ ಮೊದಲು. ಜಕ್ಕವ್ವ ಮಗನ ಮುಖದ ಮೇಲಿನ ನೊಣ ಓಡಿಸಿ, “ಹೊಂಬಣ್ಣ” ಎಂದಳು.

ಮಾಳವ್ವ ಕಟ್ಟೆ ಹತ್ತಿ ಕೇತಿಮಯ್ಯನ ಎಲೆಗೆ ಉಗುಳಿದಳು. ಹಿಂದೆಯೇ ಜಕ್ಕವ್ವ ಹತ್ತಿ ತನ್ನ ಕಡೆಯ ಹಿರಿಯರ ಎಲೆಗೂ ಉಗುಳಿದಳು. ಆಮೇಲೆ ಎರಡೂ ಕಡೆಯ ಜನ ನುಗ್ಗಿದರು. ಯಾರೂ ಕೈ ಎತ್ತಲಿಲ್ಲ, ಕೋಲು ಹಿಡಿಯಲಿಲ್ಲ, ಬರೀ ಉಗುಳಿದರು. ಕೇತಿಮಯ್ಯ ತೊಯ್ದ ಶಲ್ಯ ಬಿಸಾಡಿ, ಕುದುರೆಯೇರಿ ಓಡಿದ. ತಾಯಂದಿರು ಹೆಣಗಳನ್ನು ಮಡುವಿಗಿಳಿಸಿ ಒಟ್ಟಿಗೆ ತೊಳೆದರು. ದಾರಿ ಬಿಡಿಸಲೆಂದು ಬೇಲಿ ಕಿತ್ತ ಜನ ಅದನ್ನು ಮತ್ತೆ ಹಾಕಲಿಲ್ಲ. ಮುಂಜಾನೆ ಬಲೆ, ಮಧ್ಯಾಹ್ನದ ಮೇಲೆ ತಗ್ಗಿನ ಬದಿಯಲ್ಲಿ ಕುರಿ ಎಂದು ಒದ್ದೆ ಸೀರೆಯಲ್ಲೇ ನಿಂತು ಅವರಿಬ್ಬರು ಮಾತಾಡಿಕೊಂಡರು. ಅಷ್ಟೇ ಸಾಕಾಯಿತು.

ಕೇತಿಮಯ್ಯನೋ, ಆ ರಾಜಿ ತನ್ನಿಂದಲೇ ಆಯಿತೆಂದು ಅರಸನಿಗೆ ಹೇಳಿ ಒಂದು ಊರನ್ನು ಉಂಬಳಿಯಾಗಿ ಪಡೆದ. ತನ್ನನ್ನು ಹೊಗಳುವ ಶಾಸನವೊಂದನ್ನೂ ಇಲ್ಲಿ ನೆಡಿಸಿದ. ಕಟ್ಟೆಯ ಹಿಂಬದಿಗೆ ಹೋದವರಿಗೆ ಆ ಕಲ್ಲು ಈಗಲೂ ಕಾಣುತ್ತದೆ. ಮೇಲಿನ ಸೂರ್ಯಚಂದ್ರರು ನಿನ್ನೆ ಕೆತ್ತಿದಂತಿದ್ದಾರೆ. ಕೇತಿಮಯ್ಯನ ಹೆಸರಿದ್ದ ಸಾಲು ಮಾತ್ರ ಸವೆದು ಹೋಗಿದೆ. ಅದು ಆಳಿನ ಬಾಯಿಯ ಎತ್ತರಕ್ಕಿದೆ. ಕಡುಬೇಸಿಗೆಯಲ್ಲಿ ಬಂದು ನೋಡಿದರೂ ಆ ಸಾಲು ಒಣಗಿರುವುದಿಲ್ಲ.