ಮುತ್ತುಕುದುರಿನ ಅಳುವ ಚಿನ್ನ

“ಮುತ್ತುಕುದುರಿನ ಜನರೆಲ್ಲ ಕೇಳಿ. ರಾಜಕುಮಾರಿ ಪದ್ಮಲೆ ಖಜಾನೆಯೊಳಗೆ ಸಿಕ್ಕಿಬಿದ್ದಿದ್ದಾಳೆ. ಒಳಗಿನ ದನಿ ಮೂರು ಒಗಟು ಹಾಕುತ್ತಿದೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ಜೀವಕ್ಕೆ ಅರಮನೆ ಹೊಣೆಯಲ್ಲ.”

ಡಂಗುರ ಕೇಳಿ ದೋಣಿಯ ದೂಮ ಕಡವಿನಲ್ಲೇ ಹುಟ್ಟು ಬಿಟ್ಟು ಎದ್ದ. ರಾಜಕುಮಾರಿಯ ಬೆನ್ನಿಗೇ ಒಳಗೆ ಓಡಿದ ಊಳಿಗದವಳು ಚೋಮು ಅವನ ಅಕ್ಕ. ಡಂಗುರದಲ್ಲಿ ಅವಳ ಹೆಸರಿರಲಿಲ್ಲ.

ಅಂಗೈಯಗಲದ ಆ ದ್ವೀಪದಲ್ಲಿ ಭತ್ತ ಬೆಳೆಯುತ್ತಿರಲಿಲ್ಲ. ಯಾರು ಚಿನ್ನ ತಂದರೂ ರಾಜ ಜಯಕೀರ್ತಿ ಒಂದು ಮಾತೂ ಕೇಳದೆ ಪಾಲು ತೆಗೆದು, ತನ್ನ ಮುದ್ರೆಯ ಹೊಸ ನಾಣ್ಯ ಮಾಡಿಕೊಡುತ್ತಿದ್ದ. ಊರು ಉಣ್ಣುತ್ತಿದ್ದುದು ಅದರಿಂದಲೇ. ಈಚೆಗೆ ಆ ಚಿನ್ನ ಬೆವರತೊಡಗಿತ್ತು. ಕಿವಿಗಿಟ್ಟರೆ ಯಾರೋ ಬಿಕ್ಕುವುದು ಕೇಳುತ್ತಿತ್ತು. ಆ ಬಿಕ್ಕಿನ ಜಾಡು ಹಿಡಿದೇ ಪದ್ಮಲೆ ಖಜಾನೆ ಹೊಕ್ಕಿದ್ದಳು.

ನಡುಮಧ್ಯಾಹ್ನ ಖಜಾನೆಯ ಬಾಗಿಲು ಮಾತಾಡಿತು. “ನೂರು ಬಾಗಿಲಲ್ಲಿ ಬರುತ್ತಾನೆ, ಒಂದರಲ್ಲೂ ಅವನ ಮುಖ ಕಾಣದು. ಯಾರು?”

“ಗಾಳಿ,” ಎಂದ ಮಂತ್ರಿಯ ಮಗ. ಬಾಗಿಲು ಗೇಣಗಲ ತೆರೆದು ಅವನನ್ನು ಎಳೆದುಕೊಂಡಿತು. ಹೊಸ್ತಿಲಲ್ಲಿ ಒದ್ದೆಯಾದ ಮೆಟ್ಟು ಉಳಿಯಿತು. “ದೇವರು,” ಎಂದ ಸೆಟ್ಟಿಯದೂ ಅದೇ ಗತಿ.

ದೂಮ ಮುಂದೆ ಬಂದ. “ನನ್ನ ದೋಣಿಯಲ್ಲಿ ಕೂಲಿಯವರ ಹೆಸರಲ್ಲಿ ಚಿನ್ನದ ಪೆಟ್ಟಿಗೆ ಕಳಿಸುವ ಯಜಮಾನ. ತಾನು ಹಡಗಿನಿಂದ ಇಳಿಯುವುದೇ ಇಲ್ಲ.”

“ಕೆಂಪಾಗಿ ಹುಟ್ಟಿ, ಮೂರು ಮನೆ ದಾಟಿ ಬೆಳ್ಳಗಾಗುತ್ತದೆ. ಯಾರೂ ಅದರ ತವರು ಕೇಳುವುದಿಲ್ಲ. ಏನದು?” ಎಂದು ಬಾಗಿಲು ಎರಡನೆಯದನ್ನು ಕೇಳಿತು.

“ಹಡಗು ಮುಳುಗಿಸಿ, ಜನರನ್ನು ಕೊಂದು ಕಿತ್ತ ಚಿನ್ನ. ವ್ಯಾಪಾರಿ, ಅಕ್ಕಸಾಲಿ, ನಮ್ಮ ಟಂಕಸಾಲೆ, ಇವೇ ಆ ಮೂರು ಮನೆ.”

ದನಿ ತಗ್ಗಿತು. “ಕತ್ತಿ ಹಿಡಿದಿಲ್ಲ, ಕಡಲಿಗೆ ಇಳಿದಿಲ್ಲ. ಮುಳುಗಿ ಸತ್ತವರೆಲ್ಲ ಅವನ ಮನೆಯಲ್ಲೇ ಅಳುತ್ತಾರೆ.”

ದೂಮನಿಗೆ ಉತ್ತರ ಗೊತ್ತಿತ್ತು. ಬೆನ್ನ ಹಿಂದೆಯೇ ರಾಜ ನಿಂತಿದ್ದ. ಒಳಗಿನಿಂದ ಅಕ್ಕ ಕೆಮ್ಮಿದ್ದು ಕೇಳಿಸಿತು.

“ಸಂಶಯ ಬಂದರೂ ಕೇಳದೆ ಸುಮ್ಮನಿದ್ದವರು,” ಎಂದ. “ನಮ್ಮ ಒಡೆಯರು.”

ಕಾವಲಿನವರು ಕತ್ತಿ ಹಿರಿದರು. ರಾಜ ಕೈಯೆತ್ತಿ ತಡೆದ. ಬಾಗಿಲು ತಾನಾಗಿ ತೆರೆಯಿತು. ಪದ್ಮಲೆ, ಚೋಮು ಇಬ್ಬರೂ ಕೂದಲಿನಿಂದ ಉಪ್ಪುನೀರು ತೊಟ್ಟಿಕ್ಕಿಸುತ್ತ ಹೊರಬಂದರು. ಬೇರೆ ಯಾರೂ ಬರಲಿಲ್ಲ.

“ಏನು ಬೇಕು ಕೇಳು,” ಎಂದ ರಾಜ.

“ಕಡವಿನಲ್ಲಿ ಕೂತು ಚಿನ್ನ ತಂದವರನ್ನೆಲ್ಲ ಕೇಳುವ ಅಧಿಕಾರ ಕೊಡಿ ಒಡೆಯಾ. ಪೆಟ್ಟಿಗೆಯ ನಿಜವಾದ ಒಡೆಯ ಯಾರು, ಚಿನ್ನ ಎಲ್ಲಿಂದ ಬಂತು ಅಂತ. ಉತ್ತರ ಸರಿಬೀಳದಿದ್ದರೆ ಪೆಟ್ಟಿಗೆ ತಡೆದು ಊರ ಸಭೆಗೆ ತಿಳಿಸಲೇಬೇಕು. ಅರಮನೆಗೂ ಇದೇ ಕಟ್ಟಳೆ.”

“ಹಡಗುಗಳು ಬೇರೆ ಬಂದರಿಗೆ ಹೋಗುತ್ತವೆ. ಊರು ಉಪವಾಸ ಬೀಳುತ್ತದೆ,” ಎಂದ ರಾಜ.

“ಅಪ್ಪಾಜಿ,” ಎಂದಳು ಪದ್ಮಲೆ ಮೆಲ್ಲಗೆ, “ಒಳಗೆ ಕತ್ತಲಲ್ಲಿ ನನ್ನ ಕೈ ಹಿಡಿದು ಕೂತಿದ್ದವು ಸಣ್ಣ ಮಕ್ಕಳು.”

ರಾಜ ಅಲ್ಲೇ ಕಟ್ಟಳೆಗೆ ಮುದ್ರೆಯೊತ್ತಿದ.

ಆ ವರ್ಷ ಎಷ್ಟೋ ಹಡಗುಗಳು ದೂಮನನ್ನು ಕಂಡು ದೂರದಿಂದಲೇ ತಿರುಗಿದವು. ಊರು ಮೀನು, ಗೆಣಸು ತಿಂದು ದಿನ ದೂಡಿತು. ಖಜಾನೆಯಿಂದ ಮೊದಲ ಪೆಟ್ಟಿಗೆ ಹೊತ್ತು ಕಡವಿಗೆ ಬಂದವನು ಜಯಕೀರ್ತಿಯೇ, ಬರಿಗಾಲಲ್ಲಿ. ಪೆಟ್ಟಿಗೆಯ ಒಡೆಯ ಯಾರೆಂದು ದೂಮ ಕೇಳಿದ. ರಾಜ ತನ್ನ ಹೆಸರು ಹೇಳಿದ. ಚಿನ್ನ ಎಲ್ಲಿಂದ ಬಂತೆಂದು ಕೇಳಿದ. “ನಾನು ಕೇಳಿರಲಿಲ್ಲ,” ಎಂದ ರಾಜ.

ದೂಮ ಆ ಪೆಟ್ಟಿಗೆಯನ್ನು ಟಂಕಸಾಲೆಗೆ ಬಿಡಲಿಲ್ಲ.